ಹೆಬ್ಬಾತಿನ ಸಂಸಾರ

ಎಲೆ ಉದುರುವ ಕಾಲ ಮುಗಿಯುತ್ತ ಬಂದಿತ್ತು. ದೊಡ್ಡ ಬಂಗಲೆಯ ತೋಟದಲ್ಲಿ ಮಾಲಿಗಳು ಬೆಳಗಿನಿಂದ ಎಲೆ ಬಳಿದು ಗುಡ್ಡೆ ಹಾಕುತ್ತಿದ್ದರು. ಅವರಲ್ಲಿ ಇಬ್ಬರು, ಕಲ್ಲಿನ ಬೊಂಬೆಗಳಿಗೆ ಒಣಹುಲ್ಲು ಸುತ್ತಿ ಮೇಲೆ ಗೋಣಿತಾಟು ಹೊಲಿಯುತ್ತಿದ್ದರು. ಚಳಿ ಬಲಿತರೆ ಕಲ್ಲಿನೊಳಗಿನ ತೇವ ಹೆಪ್ಪುಗಟ್ಟಿ ಬೊಂಬೆ ಬಿರಿಯುತ್ತದೆ. ಅದಕ್ಕೇ ಪ್ರತಿ ವರ್ಷ ಈ ಉಡುಗೆ. ಒಮ್ಮೆ ಹೊಲಿದರೆ ಮರ ಚಿಗುರುವವರೆಗೆ ಯಾರೂ ಬಿಚ್ಚುವ ಹಾಗಿಲ್ಲ.

ಬಂಗಲೆ ನೋಡಲು ಬಂದವರನ್ನು ತೋಟ, ಕೊಳ, ಹಿಂದಿನ ಕಾಡು ಎಲ್ಲ ಸುತ್ತಿಸಿ ಕತೆ ಹೇಳಲು ಒಬ್ಬ ಗೈಡ್ ಇದ್ದ. ಬಾಯಿ ನಿಲ್ಲದ್ದಕ್ಕೆ ಮಾಲಿಗಳು ಅವನಿಗೆ ರೇಡಿಯೊ ಅಂತ ಹೆಸರಿಟ್ಟಿದ್ದರು. ಹಾಗೆ ಮೊದಲು ಕರೆದದ್ದು ಅವನ ಭಾವನೇ, ಅಂದರೆ ಅಕ್ಕನ ಗಂಡ, ತೋಟದ ಹಿರಿಯ ಮಾಲಿ. ರೇಡಿಯೊಗೆ ಅದರಲ್ಲಿ ಬೇಸರವೇನಿರಲಿಲ್ಲ. ಬೇಸರವಾದದ್ದು ಬೇಸಿಗೆಯಲ್ಲಿ. ಬಂಗಲೆಯ ಮ್ಯಾನೇಜರ್ ಮೇಡಂ ಅವನನ್ನು ಕೂರಿಸಿ, ಕಾಫಿ ಕೊಟ್ಟು, ಅವನು ಹೇಳುವುದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡರು. ಹೊಗಳಿಕೆಗೆ ಉಬ್ಬಿ, ಬೇಡದ್ದನ್ನೂ ಸೇರಿಸಿ ಹೇಳಿದ್ದ. ಆಮೇಲೆ ಗೊತ್ತಾಯಿತು, ಪಟ್ಟಣದ ಯಾವನೋ ಸಣ್ಣ ದನಿಯ ಹುಡುಗ ಅದನ್ನೆಲ್ಲ ಓದಿ ರೆಕಾರ್ಡ್ ಮಾಡಿದ್ದಾನೆ, ಮರ ಚಿಗುರುವ ಹೊತ್ತಿಗೆ ಬಂದವರೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಾವೇ ಸುತ್ತುತ್ತಾರೆ. ರೇಡಿಯೊ ಮನೆಗೆ ಹೋಗಬಹುದು.

ಕೆಲಸ ಹೋದದ್ದನ್ನಾದರೂ ಹೇಗೋ ನುಂಗಿಕೊಂಡಾನು. ತನ್ನ ಮಾತನ್ನು ಇನ್ನೊಬ್ಬನ ಬಾಯಿಗೆ ಹಾಕಿದ್ದು ಗಂಟಲಲ್ಲೇ ನಿಂತಿತು. ಬಂಗಲೆ ತನಗೆ ಬಾಕಿ ಇಟ್ಟಿದೆ, ತಾನೇ ವಸೂಲು ಮಾಡಿಕೊಳ್ಳಬೇಕು ಎಂದು ತೀರ್ಮಾನಿಸಿದ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಬರತೊಡಗಿತು.

ವಸೂಲಿಗೆ ಆರಿಸಿಕೊಂಡದ್ದು ಕೊಳದ ದಂಡೆಯ ಕಲ್ಲಿನ ಹೆಬ್ಬಾತು. ಬಂಗಲೆಯಷ್ಟೇ ಹಳೆಯದು, ಭಾರ ಒಂದು ಸಿಮೆಂಟ್ ಚೀಲದಷ್ಟು. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಹಿಂದೆ ಅದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತಿದ್ದ. ಜೊತೆಗೆ, ರೇಡಿಯೊನ ಅತ್ಯುತ್ತಮ ಕತೆಯೂ ಅದರದ್ದೇ. ಕೊಳದಲ್ಲಿ ಜೀವಂತ ಗಂಡು ಹೆಬ್ಬಾತು ಒಂದಿತ್ತು. ರೆಕ್ಕೆ ಕತ್ತರಿಸಿದ್ದರಿಂದ ಹಾರುತ್ತಿರಲಿಲ್ಲ. ಸದಾ ಕಲ್ಲಿನ ಪಕ್ಕವೇ ನಿಂತಿರುತ್ತಿತ್ತು, ಹತ್ತಿರ ಹೋದವರ ಮೀನಖಂಡ ಕಚ್ಚುತ್ತಿತ್ತು. “ಇವನು ಮದುವೆಯಾದದ್ದು ಇವಳನ್ನೇ. ಬಿಟ್ಟು ಒಂದು ಹೊತ್ತು ಇರುವವನಲ್ಲ. ಒಂದು ದಿನವೂ ಎದುರು ಮಾತಾಡದ ಹೆಂಡತಿ ನೋಡಿ, ಸಂಸಾರ ಸುಖವಾಗಿದೆ,” ಎನ್ನುತ್ತಿದ್ದ ರೇಡಿಯೊ. ಗಂಡಸರು ನಗುತ್ತಿದ್ದರು, ಹೆಂಗಸರು ಗಂಡಸರನ್ನು ತಿವಿಯುತ್ತಿದ್ದರು.

ಇದರ ಗುಟ್ಟು ಅವನೊಬ್ಬನಿಗೇ ಗೊತ್ತು. ಜನ ಬರುವ ಮೊದಲು ಕಲ್ಲಿನ ಬುಡದಲ್ಲಿ ಒಂದು ಹಿಡಿ ಜೋಳ ಚೆಲ್ಲುತ್ತಿದ್ದ. ಕಾಳಿದ್ದಲ್ಲಿ ಹೆಬ್ಬಾತು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ.

ರಾತ್ರಿ ಕದಿಯುವವರು ದಡ್ಡರು ಅನ್ನುವುದು ಅವನ ಅಭಿಪ್ರಾಯ. ನಾಯಿ ಬೊಗಳುವುದು ರಾತ್ರಿ, ಟಾರ್ಚು ಮಿನುಗುವುದು ರಾತ್ರಿ. ನಡು ಮಧ್ಯಾಹ್ನ ಮಾಲಿಗಳೆಲ್ಲ ಊಟಕ್ಕೆ ಕೂತಾಗ ಎಲೆ ತುಂಬಿದ ಕೈಗಾಡಿ ತಳ್ಳಿಕೊಂಡು ಹೋಗುವವನನ್ನು ಯಾರು ತಿರುಗಿ ನೋಡುತ್ತಾರೆ? ಅವನೇ ಭಾವನ ಹತ್ತಿರ ಹೋಗಿ, ಕೊಳದ ಕಡೆಯ ಬೊಂಬೆಗೆ ತಾನೇ ಗೋಣಿ ಹೊಲಿಯುತ್ತೇನೆ, ಹೋಗುವ ಮೊದಲು ಅಷ್ಟಾದರೂ ಸೇವೆ ಮಾಡುತ್ತೇನೆ ಎಂದ. ಭಾವನ ಕಣ್ಣು ಒದ್ದೆಯಾಯಿತು.

ಕೆಲಸ ಚೊಕ್ಕವಾಗಿ ನಡೆಯಿತು. ಕಲ್ಲನ್ನು ಪೀಠದಿಂದ ಕೈಗಾಡಿಗೆ ಇಳಿಸಿ ಮೇಲೆ ಎಲೆ ಮುಚ್ಚಿದ. ಪೀಠದ ಮೇಲೆ ಒಡಕು ಹೂಕುಂಡ ಬೋರಲು ಹಾಕಿ, ಕುತ್ತಿಗೆಯ ಜಾಗಕ್ಕೆ ಬಾಗಿದ ಪೈಪು ಸಿಕ್ಕಿಸಿ, ಹುಲ್ಲು ಸುತ್ತಿ, ಗೋಣಿ ಹೊಲಿದ. ದೂರ ನಿಂತು ನೋಡಿದರೆ ಅವನಿಗೇ ಅನುಮಾನ ಬರಲಿಲ್ಲ. ಹೊಲಿಯುವಾಗ ಹೆಬ್ಬಾತು ಮೀನಖಂಡ ಕಚ್ಚಿತು. ಅದು ದಿನದ ವಾಡಿಕೆ. ಅಲ್ಲೇ ಇರಲಿ ಎಂದು ಗೋಣಿಯ ಬುಡದಲ್ಲಿ ಎಂದಿಗಿಂತ ಧಾರಾಳವಾಗಿ ಜೋಳ ಚೆಲ್ಲಿದ. ತಾನು ಎಲ್ಲವನ್ನೂ ಯೋಚಿಸಿದ್ದೇನೆ ಎಂದು ಖುಷಿಯಾಯಿತು.

ಕಾಡಿನ ದಾರಿಯಲ್ಲಿ ಗಾಡಿ ಲಘುವಾಗಿ ಉರುಳಿತು. ಬಿಸಿಲು ಕೊಂಬೆಗಳ ನಡುವಿಂದ ಇಳಿದಿತ್ತು, ಅಳಿಲೊಂದು ಕಾಯಿ ಬಚ್ಚಿಡುವ ಗಡಿಬಿಡಿಯಲ್ಲಿತ್ತು. ಬಂಗಲೆಯ ಹಿಂದಿನ ಕಾಂಪೌಂಡು ಗೋಡೆಯ ಸಣ್ಣ ಬಾಗಿಲ ಹತ್ತಿರ ತಿರುಗಿ ನೋಡಿದರೆ ಹೆಬ್ಬಾತು ವಾಲಾಡುತ್ತ ಹಿಂದೆಯೇ ಬರುತ್ತಿತ್ತು. ಗಾಡಿಯಲ್ಲಿ ಇನ್ನಷ್ಟು ಕಾಳಿದೆ ಎಂಬ ಆಸೆ ಇರಬೇಕು. “ಹೋಗೋ, ಹೊಟ್ಟೆಬಾಕ,” ಎಂದು ಅಟ್ಟಿ ಬಾಗಿಲು ಹಾಕಿದ. ಕೊಳದ ನೀರು ಅದೇ ಗೋಡೆಯ ಕೆಳಗೆ ತೂರಿ, ಹೊರಗೆ ತನ್ನ ಮನೆಯ ಹಿತ್ತಲಿನಲ್ಲೇ ಹರಿಯುತ್ತದೆಂದು ಬಂದವರಿಗೆಲ್ಲ ತೋರಿಸುತ್ತಿದ್ದವನು ಅವನೇ.

ಕಲ್ಲು ಹಿತ್ತಲಿನ ಕೊಟ್ಟಿಗೆ ಸೇರಿತು. ಮಾರನೆಯ ದಿನ ಮಧ್ಯಾಹ್ನ ವ್ಯಾಪಾರಿಯ ವ್ಯಾನು ಬರುವುದಿತ್ತು. ಚಿಗುರು ಬರುವಷ್ಟರಲ್ಲಿ ತಾನು ದೂರದ ಮಗಳ ಮನೆಯಲ್ಲಿ ಮೊಮ್ಮಕ್ಕಳಿಗೆ ಕತೆ ಹೇಳುತ್ತಿರುತ್ತೇನೆ. ಯಾರೂ ರೆಕಾರ್ಡ್ ಮಾಡುವುದಿಲ್ಲ.

ಬೆಳಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ ಮ್ಯಾನೇಜರ್ ಮೇಡಂ ಮತ್ತು ಭಾವ ನಿಂತಿದ್ದರು. ಕೊಟ್ಟಿಗೆಯ ಬಾಗಿಲಿಗೆ ಎದೆ ಒತ್ತಿಕೊಂಡು, ಮೈಯೆಲ್ಲ ಒದ್ದೆಯಾದ ಹೆಬ್ಬಾತು ಕೂತಿತ್ತು. ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಹೇಗಿದೆ ನೋಡೋಣವೆಂದು ನಾನೇ ಒಂದು ಸುತ್ತು ಹೊರಟೆ, ಕೊಳದ ಹತ್ತಿರ ಅದು “ನೋಡಿ, ನಿಮ್ಮೆದುರಿಗೇ ಗಂಡ” ಎಂದಿತು, ನೋಡಿದರೆ ಗಂಡನೇ ಇಲ್ಲ ಎಂದು ಮೇಡಂ ನಗುತ್ತ ಹೇಳಿದರು. ಇಬ್ಬರೂ ನೀರಿನ ಜಾಡು ಹಿಡಿದು ಹುಡುಕಿಕೊಂಡು ಬಂದಿದ್ದರು.

ರೇಡಿಯೊ ಬಾಯಿಯ ನೊರೆ ಉಗಿದು, ತಾನೂ ನಕ್ಕ.

“ಕೊಟ್ಟಿಗೆಯಲ್ಲಿ ಜೋಳದ ಮೂಟೆ ಇದೆಯಲ್ಲ ಭಾವ, ವಾಸನೆ ಹಿಡಿದು ಬಂದಿದೆ. ಇದಕ್ಕೆ ಹೊಟ್ಟೆ ಬಿಟ್ಟರೆ ಬೇರೇನು ಗೊತ್ತು?”

ಭಾವ ನಗಲಿಲ್ಲ. “ನಾನೂ ಹಾಗೇ ಅಂದುಕೊಂಡಿದ್ದೆ ಕಣೋ,” ಎಂದು ಕೊಟ್ಟಿಗೆಯ ಕೀಲಿಕೈಗಾಗಿ ಒಂದು ಕೈ ಚಾಚಿದರು. ಇನ್ನೊಂದು ಕೈಯ ಮುಷ್ಟಿ ಬಿಚ್ಚಿದರು. ಗೋಣಿಯ ಬುಡದಿಂದ ಬಾಚಿ ತಂದ ಜೋಳ ಅದರಲ್ಲಿತ್ತು, ರಾತ್ರಿಯ ಇಬ್ಬನಿಗೆ ನೆನೆದು ಉಬ್ಬಿ, ನಿನ್ನೆ ಅವನು ಚೆಲ್ಲಿದಷ್ಟೂ. ಹೆಬ್ಬಾತು ಒಂದು ಕಾಳನ್ನೂ ಮುಟ್ಟಿರಲಿಲ್ಲ.