ಶಾಂತಗಿರಿಯ ಉಪ್ಪು ಚಹಾ

ಬಹಳ ಬಹಳ ಹಿಂದೆ, ಚಿರತೆಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಬಯಲುನಾಡಿನ ಒಂದು ರಾಜ್ಯದಲ್ಲಿ ಕಲ್ಲೇಶಿ ಎಂಬ ಗಾಣಿಗರ ಹುಡುಗನಿದ್ದ. ಅವನಿಗೆ ಊರು ನೋಡುವ ಹುಚ್ಚು. "ಗಾಣದೆತ್ತು ಸುತ್ತಿದಲ್ಲೇ ಸುತ್ತುತ್ತೆ. ನಾನೂ ಹಂಗೇ ಸುತ್ಕೊಂಡಿರಬೇಕಾ?" ಎಂದು ತಾಯಿಯನ್ನು ಕಾಡಿ ಬೇಡಿ, ಬುದ್ಧನ ನಾಡಾದ ಶಾಂತಗಿರಿಯನ್ನು ನೋಡಲು ಹೊರಟ.

ತಾಯಿ ರೊಟ್ಟಿಯ ಬುತ್ತಿ ಕಟ್ಟಿ, ಒಂದೇ ಒಂದು ಬುದ್ಧಿ ಹೇಳಿದಳು. "ಕೊಟ್ಟಿದ್ದನ್ನ ಉಣ್ಣು ಮಗಾ. ಒಂದಗುಳೂ ಬಿಡಬೇಡ. ಬಿಟ್ಟರೆ ಬಡಿಸಿದವರಿಗೆ ಅವಮಾನ."

ಈ ಬುದ್ಧಿ ಅವನಿಗೆ ಹೇಳಬೇಕಾಗಿಯೇ ಇರಲಿಲ್ಲ. ಅವನು ಉಂಡೆದ್ದ ಎಲೆಯನ್ನು ನೋಡಿದರೆ ಉಂಡಿದ್ದಾನೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ.

ಏಳು ಬೆಟ್ಟ ಹತ್ತಿ, ಏಳು ಕಣಿವೆ ಇಳಿದು ಶಾಂತಗಿರಿಯ ಬಾಗಿಲಿಗೆ ಬಂದ. ಅಲ್ಲಿ ಒಂದು ಹಿಮಚಿರತೆ ಕೂತಿತ್ತು. "ಕತ್ತಿ, ಚೂರಿ ಏನಾದರೂ ಇದ್ದರೆ ಕೊಡಪ್ಪ. ಹೋಗುವಾಗ ಇಸಿದುಕೋ" ಎಂದಿತು. ಕಲ್ಲೇಶಿ ದೂರದಿಂದಲೇ ಕೈ ಚಾಚಿ ಸೊಂಟದ ಚೂರಿ ಕೊಟ್ಟ. ಚಿರತೆ ಅದನ್ನು ಬಾಯಲ್ಲಿ ಹಿಡಿದು ಮರದ ಕೊಂಬೆಗೆ ಸಿಕ್ಕಿಸಿತು.

"ಇನ್ನೊಂದು ಮಾತು. ಇಲ್ಲಿ ಜೀವ ತೆಗೆದವರು ಕಲ್ಲಾಗುತ್ತಾರೆ. ಅದು ಇರುವೆಯಾದರೂ ಸರಿಯೇ."

ಒಳಗೆ ಹೋದರೆ ಬೆರಗಿನ ಮೇಲೆ ಬೆರಗು. ಯಾವ ಮನೆಗೂ ಬೀಗವಿಲ್ಲ. ಇರುವೆಗಳ ಸಾಲು ದಾಟಲೆಂದು ಒಬ್ಬ ರೈತ ತನ್ನ ಹನ್ನೆರಡು ಚಮರೀಮೃಗಗಳನ್ನು ನಡುದಾರಿಯಲ್ಲಿ ನಿಲ್ಲಿಸಿಕೊಂಡಿದ್ದ. ವಿಹಾರದ ಅಂಗಳದಲ್ಲಿ ಪ್ರಾರ್ಥನಾ ಚಕ್ರಗಳು ತಾವಾಗಿಯೇ ತಿರುಗುತ್ತಿದ್ದವು. ಬೆಳಿಗ್ಗೆ ತೆರೆದ ಬಾಯನ್ನು ಕಲ್ಲೇಶಿ ಮಧ್ಯಾಹ್ನವಾದರೂ ಮುಚ್ಚಿರಲಿಲ್ಲ. ದಾರಿಯಲ್ಲಿ ಬೆನ್ನು ಬಾಗಿದ ಒಬ್ಬ ಮುದುಕಿ ಮೂವತ್ತರ ಹೆಂಗಸೊಬ್ಬಳ ಸೆರಗು ಹಿಡಿದು "ಅಮ್ಮಾ" ಎಂದು ಕರೆದಳು. ಇದು ಇಲ್ಲಿಯವರ ಮರ್ಯಾದೆ ಇರಬೇಕು ಎಂದುಕೊಂಡು ಮುಂದೆ ನಡೆದ.

ಹಸಿವಾಗಿ ಒಂದು ಮನೆಯ ಮುಂದೆ ನಿಂತ. ಅದು ರಿಗ್‌ಜಿನ್ ತಾತನ ಮನೆ. ಹದಿನೆಂಟರ ಮೊಮ್ಮಗಳು ಡೆಚೆನ್ ನಗುನಗುತ್ತಾ ಕಂಬಳಿ ಹಾಸಿ ಕೂರಿಸಿ, ಮರದ ಬಟ್ಟಲಿಗೆ ಹಬೆಯಾಡುವ ಚಹಾ ಎರೆದಳು.

ಕಲ್ಲೇಶಿ ಒಂದು ಗುಟುಕು ಕುಡಿದ. ಅಯ್ಯೋ ಶಿವನೇ! ಚಹಾಕ್ಕೆ ಉಪ್ಪು! ಮೇಲೆ ಒಂದು ಬೆರಳು ಬೆಣ್ಣೆ! ಬಟ್ಟಲು ಕೆಳಗಿಡಲು ಹೋದ. ಆದರೆ ತಾಯಿಯ ಮಾತು ನೆನಪಾಗಿ, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಗಟಗಟನೆ ಕುಡಿದು ಬಟ್ಟಲು ಕೆಳಗಿಟ್ಟ. ಚಹಾ ಎರೆದ ಸದ್ದಾಯಿತು. ನೋಡಿದರೆ ಬಟ್ಟಲು ಮತ್ತೆ ತುಂಬಿದೆ. ಮತ್ತೆ ಕಣ್ಣು ಮುಚ್ಚಿ ಕುಡಿದ. ಮತ್ತೆ ತುಂಬಿತು. ಮೂರನೆಯದನ್ನೂ ಹಾಗೇ ಮುಗಿಸಿದ. ನಾಲ್ಕನೆಯ ಸಲ ಎರೆಯುವಾಗ ಚಹಾ ಕೈಮೇಲೆ ತುಳುಕಿತು. ಕಲ್ಲೇಶಿ ತಲೆಯೆತ್ತಿ ನೋಡಿದ.

ಎರೆಯುತ್ತಿದ್ದವಳು ಹಲ್ಲಿಲ್ಲದ, ಬೆಳ್ಳಿಗೂದಲಿನ, ಕೈ ನಡುಗುವ ಮುದುಕಿ. ಅವಳ ಕಿವಿಯಲ್ಲಿ ಡೆಚೆನ್‌ಳ ಹಸಿರು ಓಲೆಗಳೇ ತೂಗುತ್ತಿದ್ದವು.

ಆಗತಾನೆ ಒಳಗೆ ಬಂದ ತಾತ ಎದೆ ಬಡಿದುಕೊಂಡ. "ನನ್ನ ಮೊಮ್ಮಗಳು ನನಗಿಂತ ಮುದುಕಿಯಾದಳಲ್ಲಪ್ಪಾ! ನನಗೆ ಎಪ್ಪತ್ತೆರಡು. ಈಗ ಅವಳಿಗೆ ಎಪ್ಪತ್ತೆಂಟು!"

ಹಿಮಜಟನೆಂಬ ಮಾಂತ್ರಿಕ ಆ ನಾಡಿಗೆ ಶಾಪ ಹಾಕಿದ್ದ. ಅತಿಥಿಯ ಬಟ್ಟಲು ಖಾಲಿ ಇರಬಾರದು ಎಂಬುದು ಶಾಂತಗಿರಿಯ ಪದ್ಧತಿ. ಆ ಪದ್ಧತಿಗೇ ಅವನು ಶಾಪವನ್ನು ಗಂಟುಹಾಕಿದ್ದ. ಬಟ್ಟಲು ಒಮ್ಮೆ ಬರಿದಾದರೆ ಎರೆದವರ ಇಪ್ಪತ್ತು ವರ್ಷ ಅವನ ಪಾಲು. ಊರಿನವರು ಅಷ್ಟಿಷ್ಟು ಹೀರಿ ಬಟ್ಟಲು ತುಂಬಿದಂತೆಯೇ ಬಿಟ್ಟು ಏಳುತ್ತಿದ್ದರು. ಪರದೇಶದವರಿಗೆ ಅದು ಹೇಗೆ ತಿಳಿಯಬೇಕು!

"ಯಾಕಮ್ಮಾ ಹೇಳ್ಲಿಲ್ಲ?" ಕಲ್ಲೇಶಿ ಕೂಗಿಕೊಂಡ.

"ಮನೆಗೆ ಬಂದವರಿಗೆ ಸಾಕು ಅನ್ನುವುದು ಹೇಗೆ ಅಣ್ಣಾ?" ಡೆಚೆನ್‌ಳ ದನಿ ಒಡೆದಿತ್ತು. "ನೀವು ಅಷ್ಟು ಆಸೆಯಿಂದ ಕುಡಿಯುತ್ತಿದ್ದಿರಿ."

"ಆಸೆಯಿಂದನಾ? ನಿಂಗೆ ಬೇಜಾರಾಗಬಾರದು ಅಂತ ಕಣ್ಮುಚ್ಚಿ ನುಂಗ್ತಿದ್ದೆ ತಾಯಿ!"

ಒಬ್ಬರ ಮರ್ಯಾದೆ ಇನ್ನೊಬ್ಬರ ಆಯುಸ್ಸನ್ನು ನುಂಗಿತ್ತು. ಭೂಮಿ ಬಾಯಿಬಿಟ್ಟರೆ ಹೊಕ್ಕುಬಿಡೋಣ ಎನ್ನಿಸಿತು ಕಲ್ಲೇಶಿಗೆ. ಅವನು ನಾಲ್ಕನೆಯ ಬಟ್ಟಲನ್ನು ಮುಟ್ಟದೆ ಎದ್ದ.

"ತಾತಾ, ಆ ಮಾಂತ್ರಿಕನ ಮನೆಗೆ ಅತಿಥಿಯಾಗಿ ಯಾರಾದ್ರೂ ಹೋಗಿದ್ದಾರಾ?"

"ಅವನ ಮನೆಗೆ ಯಾರು ಹೋಗುತ್ತಾರೆ ಮಗು!"

"ನಾನು ಹೋಗ್ತೀನಿ."

ಹಿಮಚಿರತೆ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಬೆಟ್ಟದ ನೆತ್ತಿಯ ಗುಹೆಗೆ ಮುಟ್ಟಿಸಿತು. ಒಳಗೆ ಮೀಸೆಯೂ ಚಿಗುರದ ಹದಿನಾರರ ಚೆಲುವ ಕೂತಿದ್ದ. ಅವನೇ ಹಿಮಜಟ. ಹುಟ್ಟಿ ಐನೂರು ವರ್ಷವಾಗಿತ್ತು. ಕಲ್ಲೇಶಿ ಅವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಅತಿಥಿ ಬಂದಿದ್ದೀನಿ. ಚಹಾ ಇಲ್ವಾ?"

ಮಾಂತ್ರಿಕನ ಮುಖ ಇಂಗು ತಿಂದ ಮಂಗನ ಮುಖವಾಯಿತು. ಎರೆಯದಿದ್ದರೆ ಪದ್ಧತಿ ಮುರಿಯುತ್ತದೆ, ಗಂಟುಹಾಕಿದವನೇ ಪದ್ಧತಿ ಮುರಿದರೆ ಶಾಪವೂ ಮುರಿಯುತ್ತದೆ. ಎರೆದರೆ ಶಾಪ ಅವನಿಗೇ ತಟ್ಟುತ್ತದೆ. ಹಲ್ಲು ಕಡಿಯುತ್ತಾ ಎರೆದ.

ಮೊದಲನೆಯ ಚಹಾ ಕೆಂಡದಂತೆ ಸುಡುತ್ತಿತ್ತು. ಕಲ್ಲೇಶಿ ಊದಿ ಊದಿ ಕುಡಿದು ಬಟ್ಟಲು ಬರಿದು ಮಾಡಿದ. ಮಾಂತ್ರಿಕನಿಗೆ ಪೊದೆ ಮೀಸೆ ಬಂತು.

ಎರಡನೆಯದು ಬೇವನ್ನೂ ಹಾಗಲಕಾಯಿಯನ್ನೂ ಅರೆದು ಕುದಿಸಿದ ಕಹಿ. "ನಮ್ಮಮ್ಮನ ಕಷಾಯ ಇದಕ್ಕಿಂತ ಕಹಿ" ಎನ್ನುತ್ತಾ ಕುಡಿದು ಬಟ್ಟಲು ಬರಿದು ಮಾಡಿದ. ಮಾಂತ್ರಿಕನ ತಲೆ ನರೆಯಿತು.

ಮೂರನೆಯದು ತಣ್ಣಗಿತ್ತು, ಸಿಹಿಯಾದ ಪರಿಮಳವಿತ್ತು. ಆಹಾ, ಕೊನೆಗೂ ಬೆಲ್ಲದ ಚಹಾ ಎಂದು ಎತ್ತಿದ. ತುಟಿಗೆ ತಗುಲುವಷ್ಟರಲ್ಲಿ ಅವನ ಕೈ ನಿಂತಿತು. ಚಹಾದಲ್ಲಿ ಒಂದು ಇರುವೆ ಕಾಲು ಬಡಿಯುತ್ತಿತ್ತು. ಗುಟುಕರಿಸಿದ್ದರೆ ಅವನು ಅಲ್ಲೇ ಕಲ್ಲು! ಕಿರುಬೆರಳು ಚಾಚಿ ಇರುವೆಯನ್ನು ಹತ್ತಿಸಿಕೊಂಡು ಬಿಸಿಲಿಗಿಟ್ಟ. ಅದು ಮೀಸೆ ಒರೆಸಿಕೊಂಡು ಹೊರಟುಹೋಯಿತು. ಆಮೇಲೆ ಕುಡಿದು ಬಟ್ಟಲು ಬರಿದು ಮಾಡಿದ. ಮಾಂತ್ರಿಕನ ಬೆನ್ನು ಬಾಗಿತು, ಹಲ್ಲು ಉದುರಿತು.

"ಇನ್ನೊಂದು ಬಟ್ಟಲು" ಎಂದ ಕಲ್ಲೇಶಿ.

ಹಿಮಜಟ ಗೋಡೆ ಹಿಡಿದು ಎದ್ದು ಎರೆದ. ಇದನ್ನೂ ಬರಿದು ಮಾಡಿದರೆ ಮಾಂತ್ರಿಕ ಸಾಯುತ್ತಾನೆ, ಜೀವ ತೆಗೆದ ತಾನು ಕಲ್ಲಾಗುತ್ತೇನೆ ಎಂಬುದು ಕಲ್ಲೇಶಿಗೆ ಗೊತ್ತಿತ್ತು. ಆದರೆ ಕಲ್ಲೇಶಿ ಕುಡಿಯಲಾರ ಎಂಬುದು ಮಾಂತ್ರಿಕನಿಗೆ ತಿಳಿಯದು. ಕಲ್ಲಾದರೂ ಸರಿ, ತಾನಾಗಿದ್ದರೆ ಕುಡಿಯುತ್ತಿದ್ದೆ ಎಂದಷ್ಟೇ ಅವನಿಗೆ ಗೊತ್ತು. ಕಲ್ಲೇಶಿ ಬಟ್ಟಲನ್ನು ಮೆಲ್ಲಗೆ ಎತ್ತಿ ತುಟಿಗೆ ತಂದ.

"ಸಾಕು! ಸಾಕಪ್ಪಾ, ಸಾಕು!" ಮಾಂತ್ರಿಕ ಕಿರುಚಿದ.

ಮನೆಯ ಯಜಮಾನ ಅತಿಥಿಗೆ ಸಾಕು ಎಂದದ್ದನ್ನು ಆ ಬೆಟ್ಟ ಅದುವರೆಗೆ ಕೇಳಿರಲಿಲ್ಲ. ಅದೂ ಬೆಚ್ಚಿಬಿದ್ದಿತು. ವಿಹಾರದ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು. ಪದ್ಧತಿ ಮುರಿಯಿತು, ಶಾಪವೂ ಮುರಿಯಿತು. ಕದ್ದ ವರ್ಷಗಳೆಲ್ಲ ಪಾರಿವಾಳಗಳ ಹಾಗೆ ಗುಹೆಯಿಂದ ಹಾರಿ ತಮ್ಮ ತಮ್ಮ ಮನೆ ಸೇರಿದವು.

ಕಲ್ಲೇಶಿ ಕೆಳಗಿಳಿದು ಬಂದಾಗ "ಅಮ್ಮಾ" ಎಂದಿದ್ದ ಮುದುಕಿ ಐದು ವರ್ಷದ ಹುಡುಗಿಯಾಗಿ ತಾಯಿಯ ಕಂಕುಳೇರಿದ್ದಳು. ಹದಿನೆಂಟರ ಡೆಚೆನ್ ಬಾಗಿಲಲ್ಲಿ ನಿಂತು ಅಳುತ್ತಾ ನಗುತ್ತಿದ್ದಳು. ಮುದಿ ಹಿಮಜಟನನ್ನು ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ರಿಗ್‌ಜಿನ್ ತಾತನೇ ಅವನನ್ನು ಕರೆತಂದು ಒಲೆಯ ಪಕ್ಕ ಕೂರಿಸಿ ಬಟ್ಟಲು ಕೊಟ್ಟ. ಅವನು ಹೆದರಿ, ಅದನ್ನು ಮುಟ್ಟಲೇ ಇಲ್ಲ.

ಹೊರಡುವ ದಿನ ಡೆಚೆನ್ ಕಲ್ಲೇಶಿಗೆ ಚಹಾ ಎರೆದಳು. "ಈಗ ಪೂರ್ತಿ ಕುಡಿಯಬಹುದು ಅಣ್ಣಾ" ಎಂದಳು. ಅವನು ಒಂದು ಗುಟುಕು ಹೀರಿ, ತುಂಬಿದ ಬಟ್ಟಲನ್ನು ಹಾಗೇ ಇಟ್ಟು ಎದ್ದ.

ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದ. ಮಾತನಾಡುವ ಚಿರತೆಗೂ ಬೆದರಲಿಲ್ಲ, ಮುದುಕಿಯಾದ ಹುಡುಗಿಗೂ ಬೆದರಲಿಲ್ಲ ಅವಳು. ಕೊನೆಯ ಮಾತಿಗೆ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಬಿಟ್ಟು ಬಂದ್ಯಾ? ಎರೆದಿದ್ದನ್ನ ಬಿಟ್ಟು ಬಂದ್ಯಾ?"

"ಹೂಂ ಕಣಮ್ಮಾ. ಮುಗಿಸೋಕೆ ಮತ್ತೆ ಹೋಗಬೇಕಲ್ಲ. ಈ ಸಲ ನೀನೂ ಬಾ."

ತಾಯಿ ಮಗ ಇಬ್ಬರೂ ಹೋದರು. ತಾಯಿಗೆ ಉಪ್ಪು ಚಹಾ ಬಹಳ ಹಿಡಿಸಿ ಏಳು ಬಟ್ಟಲು ಕುಡಿದಳಂತೆ. ಎರೆದ ಡೆಚೆನ್‌ಳ ಒಂದು ಕೂದಲೂ ನರೆಯಲಿಲ್ಲ. ಆ ಮನೆಯ ಒಲೆ ಅಲ್ಲಿ ಆರದಿರಲಿ, ಕತೆ ಕೇಳಿದವರ ಒಲೆ ಇಲ್ಲಿ ಆರದಿರಲಿ.