ಹಕಾರ ನುಂಗುವ ಹುಡುಗ

ಸಂಜಯನ ಬಾಯಲ್ಲಿ ಹಂಸ ಯಾವತ್ತೂ ಅಂಸ. ಹಾಸನ ಆಸನ, ಹೋಟೆಲು ಓಟ್ಲು, ಹೂವು ಊವು. ಅರಕಲಗೂಡಿನ ಕಡೆಯ ರೈತರ ಮನೆಯ ಹುಡುಗ, ಹಕಾರವನ್ನು ಚಿಕ್ಕಂದಿನಲ್ಲೇ ನುಂಗಿ ನೀರು ಕುಡಿದಿದ್ದ. ಹಂಸಳಾದರೋ ಹೊಳೆನರಸೀಪುರದ ನಿವೃತ್ತ ಕನ್ನಡ ಪಂಡಿತ ಪಟ್ಟಾಭಿರಾಮಯ್ಯನವರ ಮಗಳು. ಆ ಮನೆಯಲ್ಲಿ ಅನ್ನ ಚೆಲ್ಲಿದರೂ ಕ್ಷಮೆ ಇತ್ತು, ಅಕ್ಷರ ನುಂಗಿದರೆ ಇರಲಿಲ್ಲ.

"ಅಂಸಾ ಅವ್ರೇ, ಗೆಸ್ಟು ರೆಡೀನಾ?"

"ಅಂಸ ಅನ್ನೋರು ಈ ರಿಸೆಪ್ಷನ್‌ನಲ್ಲಿ ಯಾರೂ ಇಲ್ಲ. ಹಂಸ. ಎಲ್ಲಿ, ಹೇಳಿ?"

"ಅದ್ನೇ ಅಲ್ವಾ ನಾನೂ ಏಳ್ತಿರಾದು?"

"ಏಳೋದಲ್ಲ, ಹೇಳೋದು. ನೀವು ಆಗ್ಲೇ ಎದ್ದು ನಿಂತಿದ್ದೀರಿ."

ಸಂಜಯ ನಗುತ್ತಿದ್ದ. ನಗುವಾಗ ಅವನ ಎಡಗೆನ್ನೆ ಮಾತ್ರ ಒಳಕ್ಕೆ ಹೋಗುತ್ತಿತ್ತು, ಹಂಸ ಅದನ್ನು ನೋಡದವಳಂತೆ ಟೆಲಿಫೋನಿನ ವೈರು ಬಿಡಿಸುತ್ತ ಕೂರುತ್ತಿದ್ದಳು. ಎಂಟು ತಿಂಗಳಿಂದ ಆ ವೈರಿಗೆ ಬಿಡುವೇ ಇರಲಿಲ್ಲ.

ಹೋಟೆಲ್ ಶಿಲಾಲತೆ ಹಾಸನದ ದೊಡ್ಡ ಹೋಟೆಲು, ಸಂಜಯ ಅಲ್ಲಿ ಕಾರು ಓಡಿಸುತ್ತಿದ್ದ, ಹಂಸ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದಳು. ಲಿಫ್ಟು, ಈಜುಕೊಳ, ಬಾಗಿಲಲ್ಲಿ ಸಲಾಮು ಹೊಡೆಯುವ ಪೇಟದವನು, ಎಲ್ಲ ಉಂಟು. ಹಂಸಳಿಗೆ ಲಿಫ್ಟಿಗೂ ಹೆದರಿಕೆ, ಈಜುಕೊಳದ ನೀಲಿ ನೀರಿಗೂ ಹೆದರಿಕೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಅಪ್ಪನದು. ಕೆಲವು ತಿಂಗಳ ಹಿಂದೆ ಬಸ್ ಬಂದ್ ಆದ ದಿನ ಸಂಜಯ ಅವಳನ್ನು ಹೊಳೆನರಸೀಪುರಕ್ಕೆ ಬಿಡಲು ಬಂದಿದ್ದ. ಅಪ್ಪ ಅವನನ್ನು ಜಗಲಿಯ ಮೇಲೆ ಕೂರಿಸಿ, ಅಲ್ಲಿಗೇ ಕಾಫಿ ತರಿಸಿಕೊಟ್ಟು, ಅಲ್ಲಿಂದಲೇ ಬೀಳ್ಕೊಟ್ಟಿದ್ದರು. ಒಳಗೆ ಬಾ ಅನ್ನಲಿಲ್ಲ. ಆ ಮನೆಯ ಹೊಸ್ತಿಲಿಗೆ ಲೆಕ್ಕಾಚಾರ ಇತ್ತು, ಯಾರು ದಾಟಬಹುದು, ಯಾರು ಕೂಡದು ಎಂದು. "ಕಾಫಿ ಚೆನ್ನಾಗಿತ್ತು. ಜಗಲಿ ಗಾಳೀನೂ ಚೆನ್ನಾಗಿತ್ತು" ಎಂದು ಮಾರನೆಯ ದಿನ ಸಂಜಯ ಅಂದಾಗ ಹಂಸಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಅವನ ತಪ್ಪು ಹಕಾರವನ್ನು ತಿದ್ದುತ್ತ ಅವಳು ಕಟ್ಟಿಕೊಂಡದ್ದು ಒಂದು ಬೇಲಿ. ಬೇಲಿಯ ಆಚೆ ಅವನು ನಿಂತಿರುವವರೆಗೆ ಅಪ್ಪನಿಗೆ ಏನೂ ಹೇಳಬೇಕಾಗಿರಲಿಲ್ಲ.

ಅದು ತೊಂಬತ್ತೆಂಟರ ಮಳೆಗಾಲ. ವೆನಿಸ್ ಎಂಬ ಊರಿನಿಂದ ವಯಸ್ಸಾದ ಗಂಡ ಹೆಂಡತಿ ಬಂದು ಶಿಲಾಲತೆಯಲ್ಲಿ ಇಳಿದಿದ್ದರು. ಅವರ ಊರಿನಲ್ಲಿ ಬೀದಿ ಇರಬೇಕಾದ ಕಡೆಯೆಲ್ಲ ಕಾಲುವೆ. ಹೋಟೆಲಿನ ಬಾಗಿಲಿಗೇ ದೋಣಿ ಬಂದು ನಿಲ್ಲುವ ಚಿತ್ರ ತೋರಿಸಿದ್ದರು.

"ಬೀದಿ ತುಂಬಾ ನೀರಾ?" ಸಂಜಯ ಕಣ್ಣರಳಿಸಿದ್ದ. "ಮತ್ತೆ ಬಸ್ ಸ್ಟ್ಯಾಂಡ್ ಎಲ್ಲದೆ?"

ಬೇಲೂರು ಹಳೇಬೀಡು ಎಲ್ಲರೂ ನೋಡುತ್ತಾರೆ, ಯಾರೂ ನೋಡದ್ದನ್ನು ತೋರಿಸಿ ಎಂದು ಅವರ ಹಟ. ಸಂಜಯ ಒಂದು ದಿನ ಮೊಸಳೆ ಎಂಬ ಹಳ್ಳಿಯ ಜೋಡಿ ದೇವಸ್ಥಾನಕ್ಕೆ ಕರೆದೊಯ್ದ. ಇನ್ನೊಂದು ದಿನ ಹೊಳೆನರಸೀಪುರದ ಹಳೆಯ ನಾಲೆಯ ಏರಿ ಮೇಲೆ ನಡೆಸಿದ. ನಾಲೆ ಕಂಡದ್ದೇ ಅಜ್ಜಿ ತವರು ಕಂಡಂತೆ ಕಣ್ಣೊರೆಸಿಕೊಂಡಳಂತೆ. ಈಗ ಉಳಿದದ್ದು ಶೆಟ್ಟಿಹಳ್ಳಿ. ಹೇಮಾವತಿಯ ಹಿನ್ನೀರಿನಲ್ಲಿ ನಿಂತ ಪಾಳು ಚರ್ಚು.

ಆ ಬೆಳಿಗ್ಗೆ ಎದ್ದಾಗಿನಿಂದ ಹಂಸಳ ಬಲಗಣ್ಣು ಅದುರುತ್ತಿತ್ತು. ಹೆಣ್ಣಿಗೆ ಬಲಗಣ್ಣು ಒಳ್ಳೆಯದಲ್ಲ.

"ಒಳೆ ತುಂಬ್ತಾ ಅದೆ ಅಂತಾವ್ರೆ," ಎಂದ ಸಂಜಯ, ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ. "ಚರ್ಚು ಅರ್ಧ ಮುಳುಗದೆ. ಅಜ್ಜ ಅಜ್ಜಿಗೆ ಅಂಗಿದ್ರೇ ಖುಸಿ."

"ಒಳೆ ಅಲ್ಲ, ಹೊಳೆ."

"ನೀರು ಎರಡ್ರಲ್ಲೂ ಒಂದೇ ಅಲ್ವಾ?"

"ನಿಮಗೆ ಈಜು ಬರುತ್ತಾ?"

"ಬರಕಿಲ್ಲ. ಕಾರು ಓಡ್ಸಕ್ಕೆ ಈಜ್ಯಾಕೆ?" ಸಂಜಯ ನಕ್ಕ. ಆಮೇಲೆ ನಗು ನಿಲ್ಲಿಸಿ, ಪೇಟದವನಿಗೆ ಕೇಳಿಸದಂತೆ ಕೌಂಟರಿಗೆ ಬಾಗಿದ. "ಅಂಸಾ ಅವ್ರೇ, ಭಾಳ ದಿನದಿಂದ ಒಂದ್ಮಾತು ಏಳ್ಬೇಕು ಅಂತಿದೀನಿ."

ಏನು ಮಾತೆಂದು ಹಂಸಳಿಗೆ ಗೊತ್ತಿತ್ತು. ಕೇಳಬೇಕೆಂದು ಎಂಟು ತಿಂಗಳಿಂದ ಕಾದದ್ದೂ ಅದೇ ಮಾತು. ಆದರೆ ಕಣ್ಣಮುಂದೆ ಜಗಲಿ ಬಂತು, ಅಪ್ಪನ ಕನ್ನಡಕ ಬಂತು.

"ಹೇಳ್ಬೇಕು ಅಂತ ಸರಿಯಾಗಿ ಅನ್ನೋಕೆ ಬಂದ ದಿನ ಬನ್ನಿ, ಕೇಳ್ತೀನಿ," ಅಂದುಬಿಟ್ಟಳು.

ತಮಾಷೆಗೆಂದು ಹೊರಟ ಮಾತು ಹೊರಬೀಳುವಾಗ ಕಲ್ಲಾಗಿತ್ತು. ಸಂಜಯನ ಕೆನ್ನೆಯ ಗುಳಿ ಮುಚ್ಚಿಕೊಂಡಿತು. "ಆಯ್ತು ಬುಡಿ," ಎಂದು ಕೊಡೆ ಬಿಚ್ಚಿ ಅಜ್ಜ ಅಜ್ಜಿಯನ್ನು ಕಾರಿಗೆ ಹತ್ತಿಸಿಕೊಂಡು ಹೋದ. ಹೋಗುವಾಗ ದಿನದಂತೆ ತಿರುಗಿ ನೋಡಲಿಲ್ಲ.

ಮಧ್ಯಾಹ್ನಕ್ಕೆ ಬರಬೇಕಿದ್ದವರು ಬರಲಿಲ್ಲ. ಆಕಾಶ ತೂತು ಬಿದ್ದಂತೆ ಮಳೆ ಸುರಿಯಿತು. ನಾಲ್ಕು ಗಂಟೆಯ ಹೊತ್ತಿಗೆ ಫೋನು ಬಡಿದುಕೊಂಡಿತು. ಆ ಕಡೆ ಕರಕರ ಸದ್ದು, ಅದರ ನಡುವೆ ಒಂದು ಮುದಿ ಗಂಟಲು.

"ಅಲೋ, ಸಿಲಾಲತೇನಾ? ನಾನು ಚಲುವಯ್ಯ, ಸೆಟ್ಟಳ್ಳಿಂದ. ಎಸ್‌ಟಿಡಿ ಬೂತು. ನೀರು ಬಂದ್ಬುಟ್ಟದೆ ಕಣವ್ವಾ. ಕಾರು ಊತೋಗದೆ."

"ಸಂಜಯ್ ಎಲ್ಲಿ? ಸಂಜಯ್‌ಗೆ ಕೊಡಿ!"

"ಸಂಜಯಣ್ಣ ಒಳಗೋದ್ರು. ಇನ್ನೂ ಬಂದಿಲ್ಲ. ಫಾರಿನ್ನೋರ್ನ..." ಕರಕರ, ಕರಕರ. ಆಮೇಲೆ ಸದ್ದೇ ಇಲ್ಲ.

ಎಂಟು ತಿಂಗಳು ಅವಳು ಮಾಡಿದ್ದು ಒಂದೇ ಕೆಲಸ. ಆ ಸೀಮೆಯ ಮಾತು ಕಿವಿಗೆ ಬಿದ್ದ ಕೂಡಲೇ ಬಿಟ್ಟುಹೋದ ಹಕಾರ ಸೇರಿಸುವುದು. ಈಗಲೂ ಮನಸ್ಸು ತಾನಾಗಿಯೇ ಸೇರಿಸಿತು.

ಹೊಳೆಗೆ ಹೋದ್ರು.

ಹೊಳೆಗೆ ಹೋದ್ರು, ಇನ್ನೂ ಬಂದಿಲ್ಲ. ಈಜು ಬರಕಿಲ್ಲ. ಯಾವ ನಂಬರಿನಿಂದ ಬಂದ ಫೋನು ಎಂದೂ ಗೊತ್ತಿಲ್ಲ, ತಿರುಗಿ ಮಾಡುವಂತಿಲ್ಲ. ಮ್ಯಾನೇಜರರ ಬಳಿ ಓಡಿದರೆ ಅವರು ಪೊಲೀಸರಿಗೆ ಹೇಳುತ್ತೇನೆ, ನೀವು ಕೂತಿರಿ ಎಂದರು. ಕೂರುವುದು ಹೇಗೆ? ಅವನು ಕೊನೆಯ ಸಲ ಮಾತಾಡಲು ಬಾಯಿ ತೆರೆದಾಗ ಇವಳು ಕಾಗುಣಿತ ತಿದ್ದಿದ್ದಳು.

ಯಾಕೆ ಹಾಗೆ ಮಾಡಿದಳೆಂದು ಅವಳಿಗೇ ತಿಳಿಯದು. ಕೈ ತಾನಾಗಿ ಮನೆಯ ನಂಬರು ಒತ್ತಿತು. ಅಪ್ಪನೇ ಎತ್ತಿಕೊಂಡರು.

"ಅಪ್ಪಾ, ಸಂಜಯ್ ಹೊಳೆಗೆ ಹೋದ್ರಂತೆ. ಜಗಲಿ ಮೇಲೆ ಕೂರ್ಸಿದ್ರಲ್ಲ, ಅವ್ರು. ನಾನು ಅಲ್ಲಿಗೆ ಹೋಗ್ತಿದೀನಿ. ನೀವು ಕೊಂದು ಹಾಕಿದ್ರೂ ಸರಿ ಅಪ್ಪಾ, ಅವ್ರಿಲ್ದೆ ನಾನಿರಲ್ಲ."

ಉತ್ತರ ಕೇಳುವ ಧೈರ್ಯವಿಲ್ಲದೆ ಫೋನಿಟ್ಟುಬಿಟ್ಟಳು.

ಗೊರೂರು ರಸ್ತೆಯಲ್ಲಿ ಆಟೋ ಗುಂಡಿಗೊಂದು ಸಲ ಎಗರುತ್ತಿತ್ತು. ಡ್ರೈವರು ಅರ್ಧ ದಾರಿಯಲ್ಲೇ ಗೊಣಗಿದ. "ಮೇಡಂ, ಮುಂದ್ಕೆ ರೋಡೆಲ್ಲ ಕೆಸರು. ನಾನ್ ಬರಕಿಲ್ಲ."

"ನಿಮ್ಮ ದಮ್ಮಯ್ಯ, ಹೋಗಿ" ಎಂದು ಹಂಸ ಕೈಮುಗಿದಳು. ಹೊಳೆನರಸೀಪುರದ ನರಸಿಂಹಸ್ವಾಮಿಗೆ ಒಂದು, ಊರ ಆಂಜನೇಯನಿಗೆ ಒಂದು, ಕೊನೆಗೆ ಕಂಡಿರದ ಆ ಚರ್ಚಿನ ದೇವರಿಗೂ ಒಂದು ಹರಕೆ ಹೊತ್ತಳು.

ಶೆಟ್ಟಿಹಳ್ಳಿಯ ಹಿನ್ನೀರಿನ ದಡದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಎದುರಿಗೆ ಬೂದುಬಣ್ಣದ ನೀರು, ನೀರಿನ ಮಧ್ಯೆ ಸೂರಿಲ್ಲದ ಚರ್ಚಿನ ಕಮಾನುಗಳು. ದಡದ ಕೆಸರಿನಲ್ಲಿ ಹೋಟೆಲಿನ ಬಿಳಿ ಅಂಬಾಸಿಡರ್ ಗಾಲಿ ಮುಳುಗಿ ನಿಂತಿತ್ತು. ಒಳಗೆ ಯಾರೂ ಇಲ್ಲ. ಕಾರಿನಿಂದ ನಾಲ್ಕು ಮಾರು ಆಚೆ, ನೀರಿನ ಅಂಚಿನಲ್ಲಿ, ಸಂಜಯನ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು.

ಹಂಸ ಅದನ್ನು ಕೆಸರಿನಿಂದ ಕಿತ್ತು ಎದೆಗೆ ಅವಚಿಕೊಂಡಳು. ನೀರಿಗೆ ಹೆದರುವವಳು ಮೊಣಕಾಲಿನವರೆಗೆ ನೀರಿಗೆ ಇಳಿದಿದ್ದಳು.

"ಸಂಜಯ್! ಸಂಜಯ್! ಅಂಸ ಅಂತಾನೇ ಕರೀರಿ, ನಾನೇನೂ ಅನ್ನಲ್ಲ! ಒಂದು ಸಲ ಕರೀರಿ!"

"ಯಾರು, ಅಂಸಾನಾ?"

ದನಿ ನೀರಿನಿಂದ ಬರಲಿಲ್ಲ, ಹಿಂದಿನಿಂದ ಬಂತು. ತಿರುಗಿದರೆ, ಎಸ್‌ಟಿಡಿ ಬೂತಿನ ಬೋರ್ಡು ಹಾಕಿದ ಹೆಂಚಿನ ಮನೆಯ ಬಾಗಿಲಲ್ಲಿ ಸಂಜಯ ನಿಂತಿದ್ದ. ಯಾರದೋ ಪಂಚೆ ಉಟ್ಟು, ಬಲಗೈಯಲ್ಲಿ ಮುದ್ದೆಯ ತುತ್ತು ಹಿಡಿದು. ಅವನ ಬೆನ್ನ ಹಿಂದೆ ವೆನಿಸ್‌ನ ಅಜ್ಜ ಅಜ್ಜಿ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆಂದು ಕಷ್ಟಪಟ್ಟು ಕಲಿಯುತ್ತಿದ್ದರು.

ಹಂಸ ಓಡಿಬಂದಳು. ಕೈಯಲ್ಲಿದ್ದ ಚಪ್ಪಲಿಯಿಂದಲೇ ಅವನ ತೋಳಿಗೆ ಎರಡು ಬಿಟ್ಟಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು.

"ಹೊಳೆಗೆ ಹೋದ್ರು ಅಂದ್ರಲ್ಲ!"

"ಅಯ್ಯೋ ನನ್ನವ್ವ!" ಫೋನು ಮಾಡಿದ್ದ ಚಲುವಯ್ಯ ಒಳಗಿಂದ ಬಂದು ಬಾಯಿ ಬಡಿದುಕೊಂಡ. "ಒಳಗೋದ್ರು ಅಂದೆ! ಒದ್ದೆ ಬಟ್ಟೆ ಬದ್ಲಾಯ್ಸಕ್ಕೆ ಮನೆ ಒಳಗೋದ್ರು! ಒಳೆಗೋಗಿದ್ರೆ ಒಳೆಗೋದ್ರು ಅಂತ ಏಳ್ತಿರ್ನಿಲ್ವಾ?"

ಎರಡಕ್ಕೂ ಏನು ವ್ಯತ್ಯಾಸವೆಂದು ಆ ಮುದುಕನಿಗೆ ಹುಟ್ಟಿನಿಂದ ಗೊತ್ತಿತ್ತು. ಪಂಡಿತರ ಮಗಳಿಗೆ ಮಾತ್ರ ಗೊತ್ತಾಗಿರಲಿಲ್ಲ.

ಸಂಜಯ ಕೈತೊಳೆದು ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತ. "ಅಷ್ಟೊಂದ್ ಎದ್ರುಕೊಂಡ್ರಾ?"

ಆಗ ಹಂಸಳಿಗೆ ನೆನಪಾಯಿತು. ಇಳಿದಿದ್ದ ಹೆದರಿಕೆ ಇಮ್ಮಡಿಯಾಗಿ ಎದ್ದುಬಂತು.

"ಸಂಜಯ್, ನಾನು ಅಪ್ಪಂಗೆ ಫೋನ್ ಮಾಡ್ಬಿಟ್ಟೆ."

"ಏನಂತ?"

"ನೀವಿಲ್ದೆ ನಾನಿರಲ್ಲ ಅಂತ."

ಸಂಜಯ ಅವಳ ಕೆಸರು ಕಾಲುಗಳನ್ನು ನೋಡಿದ. "ನಾನ್ ಏಳ್ಬೇಕಾಗಿದ್ದುನ್ನ ನೀವೇ ಏಳ್ಬುಟ್ರಲ್ಲ," ಎಂದ. ಮುಚ್ಚಿಹೋಗಿದ್ದ ಕೆನ್ನೆಯ ಗುಳಿ ಮತ್ತೆ ಬಿತ್ತು. ಮರುಕ್ಷಣ ಅವನಿಗೂ ಜಗಲಿ ನೆನಪಾಯಿತು. "ಈಗೇನ್ ಗತಿ?"

ಗತಿ ಒಂದೇ. ಚಲುವಯ್ಯನ ಫೋನಿಗೆ ಜೀವ ಬಂದಿತ್ತು. ಹಂಸ ನಂಬರು ಒತ್ತಿದಳು. ಮೊದಲ ರಿಂಗಿಗೇ ಆ ಕಡೆ ಎತ್ತಿದರು, ಫೋನಿನ ಪಕ್ಕದಲ್ಲೇ ಕೂತಿದ್ದವರಂತೆ.

"ಹುಡುಗ ಬದುಕಿದಾನಾ?" ಅಪ್ಪನ ದನಿ ಒಡೆದಿತ್ತು.

"ಬದುಕಿದಾರೆ ಅಪ್ಪ. ಹೊಳೆಗಲ್ಲವಂತೆ. ಒಳಗೆ ಹೋಗಿದ್ರಂತೆ. ನಾನೇ ಹಕಾರ ಸೇರಿಸ್ಕೊಂಡುಬಿಟ್ಟೆ."

ಹಂಸ ಕಣ್ಣು ಮುಚ್ಚಿಕೊಂಡಳು. ಬೈಗುಳ ಬರುತ್ತದೆಂದು ಕಾದಳು.

"ನೀನು ಫೋನಿಟ್ಟ ಮೇಲೆ ದೇವರ ಮುಂದೆ ಕೂತೆ," ಎಂದರು ಪಟ್ಟಾಭಿರಾಮಯ್ಯ ನಿಧಾನವಾಗಿ. "ನಿನ್ನ ದನಿ ಕೇಳಿ ನಂಗೂ ಭಯವಾಗಿತ್ತು ಮಗು. ಆ ಹುಡುಗನ್ನ ಉಳಿಸಿಕೊಡಪ್ಪಾ ಅಂತ ನರಸಿಂಹಸ್ವಾಮಿನ ಕೇಳ್ಕೊಂಡುಬಿಟ್ಟೆ. ಕೇಳಿ ಪಡೆದದ್ದನ್ನ ಇನ್ನು ಜಗಲಿ ಮೇಲೆ ಕೂರಿಸೋಕಾಗುತ್ತಾ? ಭಾನುವಾರ ಕರ್ಕೊಂಡು ಬಾ. ಒಳಗೆ ಬರಲಿ."

ಹಂಸ ಫೋನಿಟ್ಟಳು.

"ಏನಂದ್ರು ನಿಮ್ಮಪ್ಪಾರು?" ಸಂಜಯ ಮೆಟ್ಟಿಲಿನಿಂದ ಏಳಲೂ ಆಗದೆ ಕೇಳಿದ.

"ಭಾನುವಾರ ಬರ್ಬೇಕಂತೆ. ಒಳಗೆ."

"ಒಳಕ್ಕೋ, ಒಳೆಗೋ?" ಎಂದ ಸಂಜಯ. "ಸರಿಯಾಗ್ ಏಳಿ ಅಂಸಾ. ನಂಗೆ ಈಜು ಬರಕಿಲ್ಲ."

ಅಳುತ್ತಿದ್ದ ಹಂಸ ನಕ್ಕುಬಿಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಅವನನ್ನು ತಿದ್ದಲಿಲ್ಲ.

"ಒಳಕ್ಕೇ," ಎಂದಳು. ಆಮೇಲೆ ಬೇಕೆಂದೇ ಹಕಾರವನ್ನು ನುಂಗಿ, "ಬೆಳಿಗ್ಗೆ ಒಂದ್ಮಾತು ಅಂದ್ರಲ್ಲ, ಈಗ ಏಳಿ" ಎಂದಳು.

ಸಂಜಯ ಎದ್ದೂ ನಿಂತ, ಹೇಳಿಯೂ ಹೇಳಿದ.