ಎಡಕ್ಕೆ ತಗ್ಗಿದ ಕಾರು

ಬ್ರೋಕನ್ ಹಿಲ್ ಊರಿನ ಜನವರಿ, ಅಲ್ಲಿ ನಡುಬೇಸಿಗೆಯ ಬಿಸಿಲು. ಬೆನ್ನುನೋವಿನಿಂದ ನರಳುತ್ತಿದ್ದ ಅತ್ತೆ ನೊರೀನ್ ಅವರನ್ನು ಮರುದಿನ ಅಡಿಲೇಡ್ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ದಾರಿಯಲ್ಲಿ ಕುಲುಕಾಟ ಕಡಿಮೆಯಾಗಲೆಂದು ಮನೆಯಂಗಳದಲ್ಲೇ ನನ್ನ ಹಳೆಯ ಕಾರಿಗೆ ಹೊಸ ಸ್ಪ್ರಿಂಗ್ ಹಾಕಿದೆ. ಕಾರನ್ನು ಎತ್ತಿ ಹಿಡಿದಿದ್ದ ಜಾಕ್ ಇಳಿಸಿದಾಗ ಎಡಬದಿ ತಗ್ಗಿ ಕೂತಿತು. ಎರಡೂ ಕಡೆಯ ಸ್ಪ್ರಿಂಗ್ ಅದಲುಬದಲು ಮಾಡಿದೆ. ಮತ್ತೆ ಎಡಬದಿಯೇ ತಗ್ಗಿತು. ಬಿಡುವವನಲ್ಲ ನಾನು, ಪುನಃ ಜಾಕ್ ಕೈಗೆತ್ತಿಕೊಂಡೆ.

ಜಗಲಿಯ ಬೆಂಚಿನಿಂದ ಅತ್ತೆ ಕೂಗಿದರು: "ಏ ಡ್ಯಾರೆಲ್, ಒಳಗೆ ಕೂತವರನ್ನ ಇಳಿಸದೆ ಇನ್ನೆಷ್ಟು ಸಲ ಬಿಚ್ತೀಯೋ ಮಾರಾಯ?"

ಒಳಗೆ ಯಾರೂ ಇರಲಿಲ್ಲ. ಬಾಗಿಲು ತೆರೆದು ಎಡಸೀಟು ಮುಟ್ಟಿದೆ. ಆ ಸುಡುಬಿಸಿಲಲ್ಲೂ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಗಟ್ಟಿಯಾಗಿಯೇ ಹೇಳಿದೆ: "ಯಾರಾದ್ರೂ ಆಗಿರಿ, ಇಳೀರಿ. ನಾಳೆ ಈ ಸೀಟು ನಮ್ಮತ್ತೆಗೆ ಬೇಕು."

ಕಾರು ಕಿರ್ರೆಂದು ಮೇಲೆದ್ದು ಸಮವಾಗಿ ನಿಂತಿತು.

"ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾ ಅತ್ತೆ ಪಕ್ಕಕ್ಕೆ ಸರಿದರು. ಅವರು ಬಿಟ್ಟ ಜಾಗದಲ್ಲಿ ಬೆಂಚಿನ ಹಲಗೆ ಮೆಲ್ಲಗೆ ಬಾಗಿತು.